ಎದೆಯ ದಾರಿ, ಗಂಟಲ ದಾರಿ

ಔರಾದ ತಾಲೂಕಿನ ಸಂತಪುರದಂಥ ಊರಿನಲ್ಲಿ ಹುಟ್ಟಿದ ಎರಡೇ ದಿನಕ್ಕೆ ತೀರಿಕೊಂಡ ಕೂಸಿನ ಬಗ್ಗೆ ಮನೆಯವರು ‘ಹಾಲು ನೆತ್ತಿಗೆ ಹತ್ತಿತು’ ಎಂದಿರುತ್ತಾರೆ. ಬರೆದುಕೊಂಡವರು ನ್ಯುಮೋನಿಯಾ ಎಂದಿರುತ್ತಾರೆ. ಎರಡೂ ಸುಳ್ಳಲ್ಲ. ಆದರೆ ಅನ್ನನಾಳ ನಡುವೆ ಕಡಿದುಹೋಗಿ, ಅದರ ಕೆಳತುದಿ ಶ್ವಾಸನಾಳಕ್ಕೆ ಸೇರಿಕೊಂಡಿತ್ತೇ ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ. ಮೂರ್ನಾಲ್ಕು ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುವ ಈ ದೋಷ ಹಳ್ಳಿಯ ದಾಖಲೆಯಲ್ಲಿ ಬೇರೆ ಹೆಸರುಗಳೊಳಗೆ ಅಡಗಿಬಿಡುತ್ತದೆ.

ಅದನ್ನು ಹೊರಗೆಳೆಯುವುದು ಒಂದು ನಳಿಕೆ. ಬಾಯಿಂದ ಇಳಿಸಿದ ನಳಿಕೆ ಸುಮಾರು 10 ಸೆಂ.ಮೀ.ಗೆ ತಡೆದು ನಿಂತರೆ ಅನ್ನನಾಳ ಮುಚ್ಚಿದೆ. ಎಕ್ಸ್-ರೇಯಲ್ಲಿ ಹೊಟ್ಟೆಯೊಳಗೆ ಗಾಳಿ ಕಂಡರೆ, ಮುಚ್ಚಿದ ದಾರಿಯಾಚೆಗೆ ಗಾಳಿ ಹೋದದ್ದು ಶ್ವಾಸನಾಳದ ಮೂಲಕವೇ. ಕಣ್ಣಿಗೆ ಕಾಣದ ಸಂಪರ್ಕವನ್ನು ಗಾಳಿಯೇ ಸಾಕ್ಷಿ ನುಡಿದು ಸಾಬೀತುಪಡಿಸುತ್ತದೆ.

ಈ ದೋಷದ ಚಿಕಿತ್ಸೆಯ ಇತಿಹಾಸ ಹುಡುಕಹೊರಟರೆ ಹೆಜ್ಜೆಗೊಬ್ಬ ‘ಮೊದಲಿಗ’ ಎದುರಾಗುತ್ತಾನೆ. 1670ರಲ್ಲಿ ಡರ್ಸ್ಟನ್ ಸಯಾಮಿ ಶಿಶುಗಳಲ್ಲೊಂದರ ಮುಚ್ಚಿದ ಅನ್ನನಾಳವನ್ನು ವರ್ಣಿಸಿದ. ಶ್ವಾಸನಾಳದ ಸಂಪರ್ಕವನ್ನೂ ಸೇರಿಸಿ ವಿವರಿಸಿದವನು 1697ರಲ್ಲಿ ಗಿಬ್ಸನ್. 1939ರ ನವೆಂಬರಿನಲ್ಲಿ ಲೆವೆನ್ ಮತ್ತು ಲ್ಯಾಡ್ ಪರಸ್ಪರ ಅರಿಯದೆ, ಒಂದು ದಿನದ ಅಂತರದಲ್ಲಿ, ಮುಂದೆ ಬದುಕುಳಿದ ಶಿಶುಗಳ ಚಿಕಿತ್ಸೆ ಆರಂಭಿಸಿದರು. ಅದು ಹಂತಹಂತದ ಚಿಕಿತ್ಸೆ. ತುದಿಗಳನ್ನು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿ ಗೆದ್ದವನು 1941ರಲ್ಲಿ ಹೈಟ್. ಇಲ್ಲಿಯವರೆಗೆ ತಕರಾರಿಲ್ಲ.

ದೇಹದೊಳಗೆ ಇಳಿಸಿ ನೋಡುವ ದುರ್ಬೀನಿನ ಕಾಲಕ್ಕೆ ಬಂದಾಗ ಇಸವಿಗಳು ಜಗಳಾಡತೊಡಗುತ್ತವೆ. ಒಂದೆಡೆ 1999, ಇನ್ನೊಂದೆಡೆ 2000; ಇವೆರಡಕ್ಕೂ ಹಿಂದೆ, ಒಂಟಿಯಾಗಿ, 1975. ಮೂರರಲ್ಲೂ ದುರ್ಬೀನು ಉಂಟು. ಉಲ್ಲೇಖಗಳನ್ನು ಬಿಟ್ಟು ವರದಿಗಳ ವಿಷಯಕ್ಕೇ ಹೋದಾಗ ಗಂಟು ಬಿಚ್ಚಿತು. 1999ರಲ್ಲಿ ಲೋಬ್, ರೋಥನ್‌ಬರ್ಗ್ ಮತ್ತು ಸಂಗಡಿಗರು ಎದೆಯ ಸಣ್ಣ ರಂಧ್ರಗಳ ಮೂಲಕ ಅನ್ನನಾಳ ಜೋಡಿಸಿದ್ದು ನಿಜ, ಆದರೆ ಆ ಶಿಶುವಿಗೆ ಶ್ವಾಸನಾಳದ ಸಂಪರ್ಕವೇ ಇರಲಿಲ್ಲ! ಸಂಪರ್ಕವಿದ್ದ ನವಜಾತ ಶಿಶುವಿಗೆ ಅದೇ ದಾರಿಯಲ್ಲಿ ಮಾಡಿದ ಚಿಕಿತ್ಸೆಯನ್ನು ರೋಥನ್‌ಬರ್ಗ್ ವರದಿ ಮಾಡಿದ್ದು 2000ದಲ್ಲಿ. 1975ರ ಗ್ಡಾನಿಯೆಟ್ಸ್ ಮತ್ತು ಕ್ರೌಸೆ ಎದೆಯನ್ನು ಮುಟ್ಟಲೇ ಇಲ್ಲ. ಗಂಟಲ ಮೂಲಕ ದುರ್ಬೀನು ಇಳಿಸಿ, ಒಳಗಿನಿಂದಲೇ ಅಂಟು ಹಾಕಿ ಸಂಪರ್ಕದ ರಂಧ್ರ ಮುಚ್ಚಿದ್ದರು.

ಹಾಗಾದರೆ ಗಂಟಲ ದಾರಿಯೇ ಸಾಕಲ್ಲವೇ? ಸಾಲದು. ಕಡಿದ ಅನ್ನನಾಳವನ್ನು ಅಂಟು ಕೂಡಿಸದು. ಅನ್ನನಾಳ ಸರಿಯಿದ್ದು ಸಂಪರ್ಕ ಮಾತ್ರ ಉಳಿದಾಗ, ಅಥವಾ ಹೊಲಿದದ್ದು ಮತ್ತೆ ತೆರೆದುಕೊಂಡಾಗ ಅದಕ್ಕೆ ಬೆಲೆ. ಅಲ್ಲೂ ರಂಧ್ರದ ಒಳಪೊರೆಯನ್ನು ಕೆರೆದೋ ಸುಟ್ಟೋ ಕೆಡಿಸದಿದ್ದರೆ ಅದು ಕೂಡಿಕೊಳ್ಳುವುದಿಲ್ಲ. ಮತ್ತೆ ಮತ್ತೆ ಮಾಡಬೇಕಾಗುವುದೂ ಉಂಟು.

ಎದೆಯ ದಾರಿಯ ಪರವಾಗಿ 2005ರಲ್ಲಿ ಹಾಲ್ಕಂಬ್ ತಂಡದ ವರದಿಯಿದೆ: 104 ಶಿಶುಗಳು, ಅವರಲ್ಲಿ ಐವರಿಗೆ ಮಾತ್ರ ನಡುವೆ ಎದೆ ತೆರೆಯಬೇಕಾಯಿತು. ಒಳ್ಳೆಯ ಫಲ, ಆದರೆ ಇವರು ನುರಿತ ಕೈಗಳು, ಹೋಲಿಕೆಗೆ ಚೀಟಿ ಎತ್ತಿ ಬೇರ್ಪಡಿಸಿದ ಇನ್ನೊಂದು ಗುಂಪಿಲ್ಲ. ಹಾಗೆ ಬೇರ್ಪಡಿಸಿದ 2013ರ ಲಂಡನ್ ಪ್ರಯೋಗದಲ್ಲಿ, ಎದೆಗೆ ತುಂಬುವ ಇಂಗಾಲದ ಡೈಆಕ್ಸೈಡ್ ರಕ್ತವನ್ನು ಆಮ್ಲೀಯಗೊಳಿಸುವ ಅಪಾಯ ಕಂಡಿತು. ಅಲ್ಲಿದ್ದ 20 ಶಿಶುಗಳಲ್ಲಿ ಈ ದೋಷದವು 10. ಉಳಿದವಕ್ಕೆ ವಪೆಯ ದೋಷ, ಅಪಾಯ ಢಾಳಾಗಿ ಕಂಡದ್ದೂ ಅವುಗಳಲ್ಲೇ. ಹತ್ತು ಶಿಶುಗಳಿಂದ ತೀರ್ಪು ಕೊಡಲು ನಾನು ಸಿದ್ಧನಿಲ್ಲ.

ಸಂತಪುರದ ಕೂಸು ಬೀದರ್ ದಾಟಿ ಹೈದರಾಬಾದಿನವರೆಗೆ ಹೋಗಬೇಕಾಗಿ ಬಂದರೆ, ಯಾವ ದಾರಿಯ ಶಸ್ತ್ರಚಿಕಿತ್ಸೆ ಎಂಬ ಪ್ರಶ್ನೆಗೂ ಮೊದಲು ಬರುವುದು ಆ ನಳಿಕೆ. ಅದು ತಡೆದು ನಿಂತೊಡನೆ ಹಾಲು ನಿಲ್ಲಿಸಬೇಕು, ಬಾಯಲ್ಲಿ ಕೂಡುವ ಜೊಲ್ಲನ್ನು ಹೀರಿ ತೆಗೆಯುತ್ತಿರಬೇಕು, ತಲೆ ಎತ್ತರಿಸಿ, ಬೆಚ್ಚಗಿಟ್ಟು ಒಯ್ಯಬೇಕು.