ಉಪಶಾಮಕ ಆರೈಕೆಯ ಸಂಶೋಧನೆಯಲ್ಲಿ ಸಿದ್ಧಾಂತದ ಸ್ಥಾನ: ರೋಣ, ನರಗುಂದ, ಗಜೇಂದ್ರಗಡ ಪ್ರದೇಶವನ್ನು ಕುರಿತು ಒಂದು ವಿಚಾರ

ಗುಣವಾಗದ ರೋಗದಿಂದ ಬಳಲುವವರ ನೋವನ್ನು ಶಮನಗೊಳಿಸಿ, ಉಳಿದ ದಿನಗಳನ್ನು ಅವರು ನೆಮ್ಮದಿಯಿಂದ ಕಳೆಯುವಂತೆ ಮಾಡುವ ಶುಶ್ರೂಷೆಗೆ ಉಪಶಾಮಕ ಆರೈಕೆಯೆಂದು ಹೆಸರು. ಇದನ್ನು ಕುರಿತ ಸಂಶೋಧನೆ ಪ್ರಶ್ನಾವಳಿಯಿಂದ ಆರಂಭವಾಗುತ್ತದೆಂದು ತೋರಬಹುದು. ಆದರೆ ಅದಕ್ಕೂ ಮೊದಲೇ ಸಂಶೋಧಕನ ಮನಸ್ಸಿನಲ್ಲಿ, ಅವನಿಗೆ ತಿಳಿದೋ ತಿಳಿಯದೆಯೋ, ಒಂದು ಸಿದ್ಧಾಂತ ನೆಲೆಸಿರುತ್ತದೆ. ನೋವೆಂದರೇನು, ಒಳ್ಳೆಯ ಮರಣವೆಂದರೇನು ಎಂಬುದನ್ನು ಅದೇ ನಿಶ್ಚಯಿಸುತ್ತದೆ. ಅದು ಕಾಣಗೊಡದುದನ್ನು ಎಷ್ಟು ಜನರನ್ನು ಪ್ರಶ್ನಿಸಿದರೂ ಕಾಣಲಾಗದು. ಈ ಮಾತನ್ನು ಇತಿಹಾಸದ ನಿದರ್ಶನಗಳಿಂದ ಪರೀಕ್ಷಿಸಿ, ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಪ್ರದೇಶಕ್ಕೆ ಅದು ಹೇಗೆ ಅನ್ವಯಿಸುವುದೆಂದು ನೋಡುವುದು ಈ ಲೇಖನದ ಉದ್ದೇಶ.

ಲಂಡನ್ನಿನ ಸಿಸಿಲಿ ಸಾಂಡರ್ಸ್ ಅವರು 1958ರಿಂದ ಸೇಂಟ್ ಜೋಸೆಫ್ ಆಶ್ರಯಧಾಮದಲ್ಲಿ ಮರಣಾಸನ್ನರ ಮಾತುಗಳನ್ನು ಆಲಿಸಿ ದಾಖಲಿಸಿಕೊಂಡರು. ಆ ಆಲಿಕೆಯಿಂದಲೇ 1964ರಲ್ಲಿ ‘ಸಮಗ್ರ ವೇದನೆ’ ಎಂಬ ಅವರ ಪರಿಕಲ್ಪನೆ ರೂಪುಗೊಂಡಿತು. ವೇದನೆ ದೇಹದ್ದು ಮಾತ್ರವಲ್ಲ. ಅದು ಮಾನಸಿಕ, ಸಾಮಾಜಿಕ, ಆಧ್ಯಾತ್ಮಿಕ ಅಂಗಗಳನ್ನೂ ಒಳಗೊಂಡುದೆಂಬುದೇ ಇದರ ಸಾರ. 1967ರಲ್ಲಿ ಅವರು ಸ್ಥಾಪಿಸಿದ ಸೇಂಟ್ ಕ್ರಿಸ್ಟೋಫರ್ ಆಶ್ರಯಧಾಮದಲ್ಲಿ ಆರೈಕೆ, ಬೋಧನೆ, ಸಂಶೋಧನೆ ಮೂರೂ ಒಂದೆಡೆ ಸೇರಿದವು. ಔಷಧದ ಪ್ರಮಾಣವನ್ನಷ್ಟೇ ಅಳೆಯುತ್ತಿದ್ದ ದೃಷ್ಟಿಗೆ ಮನೆಯ ಚಿಂತೆ, ಹಣದ ಚಿಂತೆಗಳೂ ಅಧ್ಯಯನಯೋಗ್ಯವಾಗಿ ಕಂಡವು. 1965ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಗ್ಲೇಸರ್ ಮತ್ತು ಸ್ಟ್ರಾಸ್, ಆಸ್ಪತ್ರೆಗಳಲ್ಲಿ ಮರಣದ ಅರಿವು ರೋಗಿಗೂ ಸುತ್ತಲಿನವರಿಗೂ ಯಾವ ಯಾವ ಬಗೆಯಲ್ಲಿ ಹಂಚಿಕೆಯಾಗಿರುತ್ತದೆಂಬುದನ್ನು ನಾಲ್ಕು ಸ್ಥಿತಿಗಳಾಗಿ ವಿಂಗಡಿಸಿದರು. ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಡದ ಸ್ಥಿತಿ ಅವುಗಳಲ್ಲಿ ಒಂದು. ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿಯೂ 2000ದಲ್ಲಿ, ಬಹುಮುಖವಾದ ಚಿಕಿತ್ಸಾಕ್ರಮಗಳ ಪರೀಕ್ಷೆಗೆ ಸಿದ್ಧಾಂತವೇ ಮೊದಲ ಮೆಟ್ಟಿಲೆಂದು ತನ್ನ ಮಾರ್ಗಸೂಚಿಯಲ್ಲಿ ಹೇಳಿತು.

ಸಿದ್ಧಾಂತ ದಾರಿ ತೋರುವಂತೆಯೇ ದಾರಿ ತಪ್ಪಿಸಲೂಬಲ್ಲುದು. 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್-ರಾಸ್ ವಿವರಿಸಿದ ಐದು ಮನೋವಸ್ಥೆಗಳನ್ನು ಅನೇಕರು ಎಲ್ಲರೂ ಕ್ರಮವಾಗಿ ಏರಬೇಕಾದ ಮೆಟ್ಟಿಲುಗಳೆಂದು ಭಾವಿಸಿದರು. ವ್ಯಕ್ತಿಗಳ ಅನುಭವ ಆ ಕ್ರಮಕ್ಕೆ ಒಳಪಡದೆಂಬುದು ಬಳಿಕ ಸ್ಪಷ್ಟವಾಯಿತು.

ನಮ್ಮ ನಾಡಿನಲ್ಲಿ ಈ ಎಚ್ಚರಕ್ಕೆ ನಿದರ್ಶನ ಬೆಂಗಳೂರಿನಲ್ಲಿ ದೊರೆಯುತ್ತದೆ. ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯರಾದ ಸಂತೋಷ್ ಚತುರ್ವೇದಿ ಅವರು ಕ್ಯಾನ್ಸರ್ ರೋಗದ ಸಂದರ್ಭದಲ್ಲಿ ಭಾರತೀಯರಿಗೆ ಜೀವನದ ಗುಣಮಟ್ಟವೆಂದರೆ ಯಾವುದು ಮುಖ್ಯವೆಂಬ ಪ್ರಶ್ನೆಯನ್ನೆತ್ತಿ 1991ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ದೇಹದ ಕಾರ್ಯಸಾಮರ್ಥ್ಯಕ್ಕಿಂತ ಮನಶ್ಶಾಂತಿ, ಆಧ್ಯಾತ್ಮಿಕ ತೃಪ್ತಿ, ಕುಟುಂಬದ ಸುಖಗಳಿಗೆ ಹೆಚ್ಚು ಮಹತ್ತ್ವ ಸಲ್ಲುವುದೆಂದು ಅದರಿಂದ ತಿಳಿಯಿತು. ಪರದೇಶದ ಅಳತೆಗೋಲನ್ನು ಅನುವಾದಿಸಿದ ಮಾತ್ರಕ್ಕೆ ಅದು ನಮ್ಮ ಅಳತೆಗೋಲಾಗದೆಂಬುದು ಇದರ ಪಾಠ.

ಇನ್ನು ಪ್ರಸ್ತುತ ಪ್ರದೇಶಕ್ಕೆ ಬರೋಣ. ಇಲ್ಲಿ ಮರಣವನ್ನು ಕುರಿತ ವಿಚಾರ ಹೊಸತಲ್ಲ. ನರೇಗಲ್ಲದ ರಾಷ್ಟ್ರಕೂಟ ಕಾಲದ ಬಸದಿ ಇಲ್ಲಿ ಜೈನಧರ್ಮ ಪ್ರಬಲವಾಗಿದ್ದುದಕ್ಕೆ ಸಾಕ್ಷಿ. ಆ ಪರಂಪರೆಯ ‘ಭಗವತೀ ಆರಾಧನಾ’ ಗ್ರಂಥವು ಸಮಾಧಿಮರಣವನ್ನು ಕೈಕೊಂಡವನ ಸೇವೆಗೆ 48 ಮಂದಿ ನಿರ್ಯಾಪಕರನ್ನು ವಿಧಿಸಿ, ದೇಹೋಪಚಾರ, ಧರ್ಮಕಥನ, ಬಾಗಿಲು ಕಾಯುವಿಕೆ ಮೊದಲಾದ ಕೆಲಸಗಳನ್ನು ಅವರಿಗೆ ಹಂಚಿಕೊಡುತ್ತದೆ. ನಮ್ಮ ‘ವಡ್ಡಾರಾಧನೆ’ಯ 19 ಕಥೆಗಳೂ ಅದೇ ಪರಂಪರೆಗೆ ಸೇರಿದುವು. ವೀರಶೈವರ ‘ಲಿಂಗೈಕ್ಯ’ವೆಂಬ ಮಾತಿನಲ್ಲಿಯೂ ಮರಣದ ಒಂದು ದರ್ಶನವೇ ಅಡಗಿದೆ. ವ್ರತವಾದ ಸಲ್ಲೇಖನವನ್ನೂ ವೈದ್ಯವಾದ ಉಪಶಾಮಕ ಆರೈಕೆಯನ್ನೂ ಒಂದೆಂದು ತಿಳಿಯುವುದು ಪ್ರಮಾದ. ಆದರೆ ಆರೈಕೆಯ ಪ್ರತಿಯೊಂದು ವ್ಯವಸ್ಥೆಯ ಹಿಂದೆಯೂ ಮರಣದ ಒಂದು ಸಿದ್ಧಾಂತವಿರುತ್ತದೆಂಬುದನ್ನು ಇವು ತೋರಿಸಿಕೊಡುತ್ತವೆ.

ಆದಕಾರಣ ಇಲ್ಲಿ ಸಂಶೋಧನೆಗೆ ತೊಡಗುವವರು ಮೊದಲು ಜನರ ಮಾತನ್ನು ಆಲಿಸಬೇಕು. ಈ ಸೀಮೆಯವರು ‘ಬ್ಯಾನಿ’, ‘ತ್ರಾಸ’, ‘ಸಂಕಟ’ ಎಂಬ ಮಾತುಗಳನ್ನು ಒಂದೇ ಅರ್ಥದಲ್ಲಿ ಆಡುವುದಿಲ್ಲ. ಸಂಕಟವೆಂಬ ಒಂದೇ ಮಾತು ಹೊಟ್ಟೆಯ ಬೇಗೆಯನ್ನೂ ಮನದ ಬೇಗುದಿಯನ್ನೂ ಸೂಚಿಸಬಲ್ಲುದು. ‘ನೋವು ಹತ್ತರಲ್ಲಿ ಎಷ್ಟು?’ ಎಂದು ಕೇಳುವ ಪ್ರಶ್ನೆ ಇವುಗಳಲ್ಲಿ ಯಾವುದನ್ನು ಅಳೆಯುತ್ತದೆ? ರೋಗದ ಹೆಸರನ್ನು ಹಿರಿಯರಿಗೆ ತಿಳಿಸಬೇಡಿರೆಂದು ಮಕ್ಕಳು ಬೇಡಿಕೊಂಡ ಮನೆಯಲ್ಲಿ ಸಂದರ್ಶನವೇ ಗುಟ್ಟನ್ನು ಬಯಲುಮಾಡೀತು. ಗ್ಲೇಸರ್ ಮತ್ತು ಸ್ಟ್ರಾಸರ ವಿಂಗಡಣೆ ಇಲ್ಲಿ ಉಪಯುಕ್ತ. ಗಜೇಂದ್ರಗಡದ ನೇಕಾರನೊಬ್ಬ ಹುಬ್ಬಳ್ಳಿಯ ಆಸ್ಪತ್ರೆಗೆ ಹೋದ ದಿನ ಮಗ್ಗ ನಿಲ್ಲುತ್ತದೆ. ನರಗುಂದದ ಕೃಷಿಕಾರ್ಮಿಕಳಿಗೆ ಸುಗ್ಗಿಯ ಕೂಲಿ ತಪ್ಪುತ್ತದೆ. ಸಾಮಾಜಿಕ ವೇದನೆಯನ್ನು ಸಿದ್ಧಾಂತದಲ್ಲಿ ಒಪ್ಪಿದವನು ಈ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಆದರೆ ಸ್ಥಳೀಯ ಸಿದ್ಧಾಂತಕ್ಕೂ ಅದರದೇ ಅಪಾಯವುಂಟು. ನಮ್ಮ ಜನ ಶ್ರದ್ಧೆಯಿಂದ ನೋವನ್ನು ಸಹಿಸುತ್ತಾರೆಂಬ ಮಾತು ಔಷಧವನ್ನು ಕೊಡದಿರುವುದಕ್ಕೆ ನೆಪವಾಗಬಾರದು. 1985ರ ಮಾದಕದ್ರವ್ಯ ಕಾಯಿದೆಯ ಬಿಗಿಯಾದ ನಿಯಮಗಳಿಂದ ಮಾರ್ಫಿನ್ ದುರ್ಲಭವಾಗಿತ್ತು. ಅವನ್ನು ಸಡಿಲಿಸಲು 2014ರಲ್ಲಿ ತಿದ್ದುಪಡಿಯಾಗಬೇಕಾಯಿತು. ಬಡವರು, ಹೆಂಗಸರು ನೋವನ್ನು ಹೇಳಿಕೊಳ್ಳದಿರುವುದು ಸಹನೆಯೋ, ಕೇಳುವವರಿಲ್ಲವೆಂಬ ನಿರಾಶೆಯೋ ಎಂಬುದನ್ನು ಪರೀಕ್ಷಿಸದೆ ನಿರ್ಣಯಿಸಲಾಗದು. ದೇಹದ ನೋವು ತಗ್ಗಿದ ಬಳಿಕವೇ ಮನಶ್ಶಾಂತಿಯನ್ನು ಕುರಿತ ಪ್ರಶ್ನೆಗೆ ನಿಜವಾದ ಉತ್ತರ ದೊರೆತೀತು. ಆದುದರಿಂದ ಸಂಶೋಧಕನು ತನ್ನ ಸಿದ್ಧಾಂತವನ್ನು ಆರಂಭದಲ್ಲಿಯೇ ಸ್ಪಷ್ಟವಾಗಿ ಬರೆದಿಟ್ಟು, ರೋಗಿಯ ಮಾತು ಅದನ್ನು ಎಲ್ಲಿ ಅಲ್ಲಗಳೆಯಿತೆಂಬುದನ್ನೂ ಅಷ್ಟೇ ಪ್ರಾಮಾಣಿಕವಾಗಿ ದಾಖಲಿಸಬೇಕು. ಮರಣಶಯ್ಯೆಯಲ್ಲಿರುವವರನ್ನು ಎರಡನೆಯ ಸಲ ಕೇಳುವ ಅವಕಾಶ ಬಹುಶಃ ದೊರೆಯಲಾರದು. ಮೊದಲ ಪ್ರಶ್ನೆಯೇ ಸರಿಯಾಗಿರುವಂತೆ ನೋಡಿಕೊಳ್ಳುವುದು ನಮ್ಮ ಕರ್ತವ್ಯ.