ಪರಿಸರ ಜಾಗೃತಿಯ ಸಾಮುದಾಯಿಕ ಕಾರ್ಯಕ್ರಮಗಳು (ಕರ್ನಾಟಕ)

ತಮ್ಮ ಸುತ್ತಲಿನ ನೆಲ, ನೀರು, ಕಾಡುಗಳ ರಕ್ಷಣೆಗಾಗಿ ಊರಿನವರು ಒಂದೆಡೆ ಸೇರಿ ನಡೆಸುವ ಪಾದಯಾತ್ರೆ, ಸಸಿ ನೆಡುವ ಸತ್ಯಾಗ್ರಹ, ಬೀಜಮೇಳ, ಕೆರೆಹಬ್ಬ ಮೊದಲಾದವು ಈ ವರ್ಗಕ್ಕೆ ಸೇರುತ್ತವೆ. ಕರ್ನಾಟಕದಲ್ಲಿ ಇವು ಬಿರುಸು ಪಡೆದದ್ದು 1980ರ ದಶಕದಲ್ಲಿ. ಸರ್ಕಾರಿ ಮಾದರಿ ಅದಕ್ಕೂ ಹಳೆಯದು. ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಷಿ 1950ರಲ್ಲಿ ಆರಂಭಿಸಿದ ವನಮಹೋತ್ಸವ ಈಗಲೂ ಪ್ರತಿ ಜುಲೈಯಲ್ಲಿ ನಡೆಯುತ್ತದೆ. 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದ ನೆನಪಿಗೆ ಜೂನ್ 5ರಂದು ವಿಶ್ವ ಪರಿಸರ ದಿನ ಆಚರಿಸುತ್ತಾರೆ. ಎರಡರ ಹಿಂದೆಯೂ ಇರುವ ಗ್ರಹಿಕೆ ಒಂದೇ: ಜನಕ್ಕೆ ಗೊತ್ತಿಲ್ಲ, ತಿಳಿಹೇಳಿದರೆ ದಾರಿಗೆ ಬರುತ್ತಾರೆ. ಕರ್ನಾಟಕದ ಅನುಭವ ಈ ಗ್ರಹಿಕೆಯನ್ನು ಎತ್ತಿಹಿಡಿಯುವುದಿಲ್ಲ. ಫಲ ಕೊಟ್ಟ ಕಾರ್ಯಕ್ರಮಗಳಲ್ಲಿ ಜನಕ್ಕೆ ವಿಷಯ ಮೊದಲೇ ಗೊತ್ತಿತ್ತು. ಜಗಲಿಯ ಮೇಲೆ ಗೊಣಗಿಕೊಳ್ಳುತ್ತಿದ್ದ ಮಾತು ನಾಲ್ಕು ಜನರೆದುರು ಹಕ್ಕೊತ್ತಾಯವಾದದ್ದು, ಅದರೊಂದಿಗೆ ಒಂದಿಷ್ಟು ಹೊಣೆಯೂ ಹೆಗಲಿಗೆ ಬಂದದ್ದು ಅಲ್ಲಿ ಸೇರಿದ್ದರ ಲಾಭ.

ಉತ್ತರ ಕನ್ನಡದ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ 1983ರ ಸೆಪ್ಟೆಂಬರ್ 8ರಂದು ಆರಂಭವಾದ ಅಪ್ಪಿಕೋ ಚಳವಳಿ ಇದಕ್ಕೆ ಮೊದಲ ಸಾಕ್ಷಿ. ಗುತ್ತಿಗೆದಾರರ ಕೊಡಲಿಗೆ ಅಡ್ಡವಾಗಿ ಊರವರು ಮರ ಅಪ್ಪಿ ನಿಂತರು. ಕಾಡಿನೊಳಗಿನ ಪ್ರತಿಭಟನೆ 38 ದಿನ ನಡೆಯಿತು. ಹಿಮಾಲಯದ ಚಿಪ್ಕೋ ಚಳವಳಿ ಇದಕ್ಕೆ ಪ್ರೇರಣೆ ಎಂಬುದು ನಿಜ. ಆದರೆ ಕಾಡು ಕಡಿದರೆ ಏನಾಗುತ್ತದೆಂದು ಇಲ್ಲಿನ ಅಡಿಕೆ ಬೆಳೆಗಾರರಿಗೆ ಯಾರೂ ಬಂದು ಹೇಳಬೇಕಿರಲಿಲ್ಲ. ತೋಟಕ್ಕೆ ಹಾಕುವ ಸೊಪ್ಪು ಬರುತ್ತಿದ್ದುದು ಸೊಪ್ಪಿನ ಬೆಟ್ಟದಿಂದ, ನೀರು ಹರಿದು ಬರುತ್ತಿದ್ದುದು ಮೇಲಿನ ಕಾಡಿನಿಂದ. ಮುಂದೆ ಪರಿಸರ ಹೋರಾಟಗಾರ ಪಾಂಡುರಂಗ ಹೆಗಡೆ ಮತ್ತು ಸಂಗಡಿಗರು ಪಾದಯಾತ್ರೆ, ಬೀದಿನಾಟಕ, ಸ್ಲೈಡ್ ಪ್ರದರ್ಶನಗಳ ಮೂಲಕ ಈ ಸಂಗತಿಯನ್ನು ಊರಿಂದೂರಿಗೆ ಕೊಂಡೊಯ್ದು, ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳಲ್ಲಿ ಚಳವಳಿಯ ಗುರಿಯನ್ನು ಹಿಡಿದಿಟ್ಟರು. ಮೂರನೆಯ ಮಾತನ್ನು ಮರೆಯುವವರೇ ಹೆಚ್ಚು. ಕಾಡನ್ನು ಬಳಸುವ ಹಕ್ಕು ಇದ್ದವರಿಗೇ ಅದನ್ನು ಉಳಿಸುವ ದರ್ದೂ ಇತ್ತು.

ವಾದಕ್ಕೆ ಇನ್ನೂ ಗಟ್ಟಿ ಆಧಾರ ಕುಸನೂರಿನ ಕಿತ್ತಿಕೊ–ಹಚ್ಚಿಕೊ ಸತ್ಯಾಗ್ರಹ. 1984ರಲ್ಲಿ ರಾಜ್ಯ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಕಟ್ಟಿದವು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಜಮೀನನ್ನು ಅದಕ್ಕೆ ಗೊತ್ತುಮಾಡಲಾಯಿತು. ಕಡತದಲ್ಲಿ ಪಾಳುಭೂಮಿ ಎನಿಸಿಕೊಂಡಿದ್ದ ಈ ನೆಲವೇ ಊರಿನ ದನಕರುಗಳ ಮೇವಿಗೂ ಬಡವರ ಒಲೆಯ ಉರುವಲಿಗೂ ಆಧಾರ. ನೀಲಗಿರಿ ಎಲೆಗೆ ದನ ಬಾಯಿ ಹಾಕುವುದಿಲ್ಲ. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಈ ಯೋಜನೆಯನ್ನು ವಿರೋಧಿಸಿತು. ಸಾಹಿತಿ ಶಿವರಾಮ ಕಾರಂತರು ಮುಖ್ಯ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಲಾಯಿತು. 1987ರ ನವೆಂಬರ್ 14ರಂದು ಆಗಿನ ಧಾರವಾಡ, ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಸುಮಾರು 2,000 ಜನ ಸೇರಿದರು. ಮುಂದೆ ಹೆಂಗಸರು, ಜೊತೆಗೆ ವಾದ್ಯದವರು. ಪೊಲೀಸರನ್ನು ದಾಟಿ ನೆಡುತೋಪಿಗೆ ನುಗ್ಗಿದವರು ಸುಮಾರು ನೂರು ನೀಲಗಿರಿ ಸಸಿಗಳನ್ನು ಕಿತ್ತು, ಅದೇ ಜಾಗದಲ್ಲಿ ಹಣ್ಣು ಮತ್ತು ಮೇವು ಕೊಡುವ ಗಿಡಗಳನ್ನು ಹಚ್ಚಿದರು. ಚದುರುವ ಮುನ್ನ, ನೆಟ್ಟ ಸಸಿಗಳಿಗೆ ನೀರೆರೆದು ಸಾಕುತ್ತೇವೆಂದು ಪ್ರತಿಜ್ಞೆ ಮಾಡಿದರು. ಕಿತ್ತದ್ದಕ್ಕೆ ಸಿಕ್ಕ ಪ್ರಚಾರ ಈ ಪ್ರತಿಜ್ಞೆಗೆ ಸಿಗಲಿಲ್ಲ, ಆದರೆ ಆ ದಿನದ ಸಾರ ಇರುವುದು ಅದರಲ್ಲೇ. ಬರೀ ಕಿತ್ತಿದ್ದರೆ ಅದು ಪ್ರತಿಭಟನೆ, ಬರೀ ನೆಟ್ಟಿದ್ದರೆ ಇನ್ನೊಂದು ವನಮಹೋತ್ಸವ. ಎರಡೂ ಒಟ್ಟಿಗೆ ನಡೆದದ್ದರಿಂದ ಈ ನೆಲ ನಮ್ಮದು ಎಂಬ ಹಕ್ಕು, ಇದರ ಆರೈಕೆಯೂ ನಮ್ಮದೇ ಎಂಬ ಒಪ್ಪಿಗೆ ಒಂದೇ ದಿನದಲ್ಲಿ ದಾಖಲಾದವು.

ಗೆದ್ದದ್ದು ನ್ಯಾಯಾಲಯ, ಜನ ಸೇರಿದ್ದು ನೆಪಮಾತ್ರ ಎಂಬ ಆಕ್ಷೇಪವಿದೆ. ಜಮೀನು ಹಸ್ತಾಂತರಕ್ಕೆ ಸುಪ್ರೀಂ ಕೋರ್ಟ್ 1987ರ ಮಾರ್ಚ್‌ನಲ್ಲೇ ತಡೆಯಾಜ್ಞೆ ಕೊಟ್ಟಿತ್ತು, ಸತ್ಯಾಗ್ರಹ ನಡೆದದ್ದು ಆಮೇಲೆ. ಆದರೆ ತಡೆಯಾಜ್ಞೆ ತಡೆದದ್ದು ಮುಂದಿನ ಹಸ್ತಾಂತರವನ್ನು ಮಾತ್ರ. ಅಷ್ಟರಲ್ಲಿ ಬೇರೂರಿದ್ದ ನೀಲಗಿರಿಯನ್ನು ಅದು ಅಲುಗಿಸಲಿಲ್ಲ. ಸರ್ಕಾರ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿದ್ದು 1991ರಲ್ಲಿ. ನಡುವಿನ ವರ್ಷಗಳಲ್ಲಿ ವಿಷಯ ಆರಿಹೋಗದಂತೆ ಕಾದದ್ದು ಜನರ ಒತ್ತಡ. ನೀಲಗಿರಿಯೂ ಹಸಿರೇ, ಅದನ್ನು ಕೀಳುವುದು ಎಂಥ ಪರಿಸರಪ್ರೇಮ ಎಂಬುದು ಇನ್ನೊಂದು ಆಕ್ಷೇಪ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಊರಿದಾಗಲೂ ಇದೇ ಮಾತು ಕೇಳಿಬಂದಿತ್ತು. ಹಸಿರು ಕಾಣುವುದೇ ಅಳತೆಗೋಲಾದರೆ ಯಾವ ಗಿಡ, ಯಾರಿಗೆ, ಎಷ್ಟು ನೀರು ಕುಡಿದು ಎಂಬ ಪ್ರಶ್ನೆಗಳಿಗೆ ಜಾಗವೇ ಉಳಿಯುವುದಿಲ್ಲ. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರವೇ 2017ರಲ್ಲಿ ನಿಷೇಧಿಸಿತು.

ಮೇಳಗಳು ಈ ಪರಂಪರೆಯ ಸೌಮ್ಯ ರೂಪ. ಉತ್ತರ ಕನ್ನಡದ ಜೋಯಿಡಾದ ಗೆಡ್ಡೆಗೆಣಸು ಮೇಳದಲ್ಲಿ ಕುಣಬಿ ಸಮುದಾಯದ ಕುಟುಂಬಗಳು ಕಿಲೋಗಟ್ಟಲೆ ತೂಗುವ ಮುಡ್ಲಿ ಎಂಬ ಗೆಡ್ಡೆಗಳನ್ನು ಮಾರಾಟಕ್ಕೆ ತರುತ್ತವೆ. ಇದು ಬರೀ ವ್ಯಾಪಾರ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಕೊಳ್ಳುವವರಿಲ್ಲದ ತಳಿಯನ್ನು ಯಾವ ರೈತನೂ ಬಹುಕಾಲ ಬೆಳೆಯಲಾರ. ಭಾಷಣಕ್ಕಿಂತ ಒಂದು ದಿನದ ಒಳ್ಳೆಯ ಮಾರಾಟವೇ ಆ ತಳಿಗೆ ಹೆಚ್ಚು ಆಯುಷ್ಯ ಕೊಡುತ್ತದೆ.

ವಾದ ನಿಜಕ್ಕೂ ತಡವರಿಸುವುದು ನಗರದಲ್ಲಿ. ಬೆಂಗಳೂರಿನ ಕೈಕೊಂಡ್ರಹಳ್ಳಿ ಕೆರೆಯಂಥ ಕಡೆ ನಡೆಯುವ ಕೆರೆಹಬ್ಬಗಳಿಗೆ ಬರುವವರ ಊಟವಾಗಲಿ ಉರುವಲಾಗಲಿ ಕೆರೆಯಿಂದ ಬರುವುದಿಲ್ಲ. ಕೆರೆ ಕೆಡಿಸುವ ಕೊಳಚೆ ಹಬ್ಬಕ್ಕೆ ಬಾರದ ಬಡಾವಣೆಗಳಿಂದಲೂ ಹರಿದುಬರುತ್ತದೆ, ಅದನ್ನು ನಿಲ್ಲಿಸುವ ಅಧಿಕಾರ ನೆರೆದವರ ಕೈಯಲ್ಲಿಲ್ಲ. ಹಾಗಿದ್ದೂ ಹಬ್ಬ ವ್ಯರ್ಥವೆನ್ನಲಾಗದು. ಕೆರೆಯ ಮೇಲೆ ಕಣ್ಣಿಟ್ಟ ಜನರಿದ್ದಾರೆ ಎಂಬುದು ಅಧಿಕಾರಿಗಳಿಗೂ ಒತ್ತುವರಿದಾರರಿಗೂ ತಿಳಿದರೆ ಅಷ್ಟರಮಟ್ಟಿಗೆ ಕೆಲಸ ಸಾಗುತ್ತದೆ. ಆದರೆ ಚಿತ್ರಸ್ಪರ್ಧೆ, ಓಟ, ಸೆಲ್ಫಿಗಳಲ್ಲಿ ಮುಗಿಯುವ ಹಬ್ಬಕ್ಕೆ ಆ ಬಲವೂ ಬರುವುದಿಲ್ಲ. ಹಬ್ಬ ಸಂಘಟಿಸುವವರು ಅದೇ ದಿನ ಸಂಬಂಧಪಟ್ಟ ಎಂಜಿನಿಯರನ್ನು ಕರೆಸಿ, ಕೊಳಚೆ ಎಲ್ಲೆಲ್ಲಿಂದ ಕೆರೆಗೆ ಸೇರುತ್ತಿದೆ ಎಂಬ ಪಟ್ಟಿಯನ್ನು ಜನರೆದುರೇ ಓದಿಸಲಿ.