ಹಸಿದವರ ಹೆಸರು ಬರೆದ ಚಿತ್ತಪ್ರಸಾದ್

ಮೈಸೂರು ಸೀಮೆಯ ಹಳಬರ ಬಾಯಲ್ಲಿ ಧಾತು ಈಶ್ವರ ಬರ ಎಂಬ ಮಾತು ಬಹಳ ಕಾಲ ಉಳಿದಿತ್ತು. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಆ ಬರದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗವನ್ನು ಕಳೆದುಕೊಂಡಿತು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲೂ ಸಾವು ಕಡಿಮೆಯಿರಲಿಲ್ಲ. ಮದರಾಸು ಪ್ರಾಂತ್ಯದ ಬರಗಾಲದ ಕೆಲವು ಛಾಯಾಚಿತ್ರಗಳು ಇಂದಿಗೂ ಉಳಿದಿವೆ. ಅವನ್ನು ತೆಗೆದವನು ಹೂಪರ್ ಎಂಬ ಬ್ರಿಟಿಷ್ ಸೇನಾಧಿಕಾರಿ. ಎಲುಬಿನ ಗೂಡಾಗಿದ್ದ ಜನರನ್ನು ಗುಂಪುಗುಂಪಾಗಿ ಕೂರಿಸಿ ತೆಗೆದ ಚಿತ್ರಗಳವು. ಅವರು ಯಾವ ಊರಿನವರು, ಏನು ಕಸುಬು ಮಾಡುತ್ತಿದ್ದರು, ಅವರ ಹೆಸರೇನು ಎಂಬುದು ಅವನ್ನು ನೋಡುವ ನಮಗೆ ತಿಳಿಯುವುದಿಲ್ಲ. ನಮ್ಮ ಮುಂದೆ ಕುಳಿತವರು ಬರೀ ಹಸಿದವರು.

ಇದಾಗಿ ಸುಮಾರು 65 ವರ್ಷಗಳ ನಂತರ ಬಂಗಾಳದಲ್ಲಿ ಇನ್ನೊಂದು ಬರ ಬಂತು. ಆಗ 28 ವರ್ಷದ ಒಬ್ಬ ತರುಣ ಕಾಗದ ಮತ್ತು ಮಸಿ ಹಿಡಿದು ಹಳ್ಳಿಗಳಲ್ಲಿ ನಡೆದ. ತಾನು ಚಿತ್ರಿಸಿದವರ ಹೆಸರು ಕೇಳಿದ, ಊರು ಕೇಳಿದ, ಮನೆಯಲ್ಲಿ ಯಾರು ಉಳಿದರು, ಯಾರು ಹೋದರು ಎಂದು ವಿಚಾರಿಸಿದ. ಕೇಳಿದ್ದನ್ನೆಲ್ಲ ಚಿತ್ರದ ಜೊತೆಗೇ ಬರೆದಿಟ್ಟ. ಆತನೇ ಚಿತ್ತಪ್ರಸಾದ್.

ಚಿತ್ತಪ್ರಸಾದ್ ಹುಟ್ಟಿದ್ದು 1915ರಲ್ಲಿ, ಬಂಗಾಳದ ನೈಹಾಟಿಯಲ್ಲಿ. ಓದಿದ್ದು ಚಿತ್ತಗಾಂಗ್‌ನ ಸರಕಾರಿ ಕಾಲೇಜಿನಲ್ಲಿ. ಹೆಸರಿನ ಜೊತೆಗಿದ್ದ ಭಟ್ಟಾಚಾರ್ಯ ಎಂಬ ಜಾತಿಸೂಚಕವನ್ನು ಅವರು ತಾವಾಗಿಯೇ ಕೈಬಿಟ್ಟರು. ಕಲಾಶಾಲೆಯ ಶಿಕ್ಷಣ ಅವರಿಗೆ ಸಿಗಲಿಲ್ಲ. ಕಲಿತದ್ದೆಲ್ಲ ಸ್ವಂತ ಅಭ್ಯಾಸದಿಂದ ಮತ್ತು ರೈತ ಚಳವಳಿಯ ಒಡನಾಟದಿಂದ. ಸಭೆಗೆ ಭಿತ್ತಿಪತ್ರ ಬೇಕಾದರೆ ಭಿತ್ತಿಪತ್ರ, ಪತ್ರಿಕೆಗೆ ವ್ಯಂಗ್ಯಚಿತ್ರ ಬೇಕಾದರೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು.

1943ರ ಬರ ಮಳೆ ಕೈಕೊಟ್ಟು ಬಂದ ಬರವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 1942ರಲ್ಲಿ ಬರ್ಮಾ ಜಪಾನಿನ ವಶವಾದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರು ಬಂದರೆ ಅವನಿಗೆ ಏನೂ ಸಿಗಬಾರದೆಂದು ಸರಕಾರ ಬಂಗಾಳದ ಕರಾವಳಿ ಜಿಲ್ಲೆಗಳ ಅಕ್ಕಿಯ ದಾಸ್ತಾನನ್ನು ಎತ್ತಿಸಿತು. ಹತ್ತು ಜನಕ್ಕಿಂತ ಹೆಚ್ಚು ಮಂದಿಯನ್ನು ಸಾಗಿಸಬಲ್ಲ ದೋಣಿಗಳನ್ನು ವಶಪಡಿಸಿಕೊಂಡಿತು. ನದಿಗಳೇ ರಸ್ತೆಯಾಗಿದ್ದ ನಾಡಿನಲ್ಲಿ ದೋಣಿ ಹೋದರೆ ಬೆಸ್ತನ ಬದುಕೂ ಹೋಯಿತು, ಅಕ್ಕಿಯ ಸಾಗಾಟವೂ ನಿಂತಿತು. ಅದೇ ವರ್ಷ ಅಕ್ಟೋಬರ್ 16ರಂದು ಮೇದಿನೀಪುರ ಜಿಲ್ಲೆಗೆ ಭಾರೀ ಚಂಡಮಾರುತ ಅಪ್ಪಳಿಸಿ ಸಾವಿರಾರು ಜನ ಸತ್ತರು. ಸೈನ್ಯಕ್ಕೂ ಕಲ್ಕತ್ತೆಯ ಕಾರ್ಖಾನೆಗಳಿಗೂ ಅಕ್ಕಿ ಮೊದಲು ಸಲ್ಲಬೇಕಿತ್ತು. ವ್ಯಾಪಾರಿಗಳು ಕೂಡಿಟ್ಟರು, ಬೆಲೆ ಗಗನಕ್ಕೇರಿತು. ಅಕ್ಕಿ ಪೂರ್ತಿ ಇಲ್ಲವಾಗಿರಲಿಲ್ಲ, ಕೊಳ್ಳುವ ಶಕ್ತಿ ಬಡವರ ಕೈ ತಪ್ಪಿತ್ತು ಎಂದು ಮುಂದೆ 1981ರಲ್ಲಿ ಅಮರ್ತ್ಯ ಸೇನ್ ವಿವರವಾಗಿ ತೋರಿಸಿದರು. ಮೊದಲು ಬಿದ್ದವರು ಭೂಮಿಯಿಲ್ಲದ ಕೂಲಿಗಳು, ಬೆಸ್ತರು, ಕುಶಲಕರ್ಮಿಗಳು. ಸತ್ತವರು ಹದಿನೈದು ಲಕ್ಷ ಎಂದು ಸರಕಾರದ ವಿಚಾರಣಾ ಆಯೋಗ 1945ರಲ್ಲಿ ಹೇಳಿತು. ನಂತರದ ಹಲವು ಅಂದಾಜುಗಳು ಇದರ ಎರಡು ಪಟ್ಟಿಗೆ ಹತ್ತಿರವಿವೆ.

ಕಲ್ಕತ್ತೆಯ ಬೀದಿಗಳಲ್ಲಿ ಜನ ಅನ್ನ ಬೇಡುವುದನ್ನೂ ಬಿಟ್ಟು, ಅನ್ನ ಬಸಿದ ಗಂಜಿತಿಳಿ ಕೊಡಿ ಎಂದು ಮನೆಮನೆಯ ಮುಂದೆ ಕೂಗುತ್ತಿದ್ದರು. ಆ ಬೀದಿಗಳಲ್ಲಿ ಇನ್ನೊಬ್ಬ ತರುಣ ಕಲಾವಿದ ಚಿತ್ರ ಬರೆಯುತ್ತಿದ್ದ. ಆತ ಕಿಶೋರಗಂಜ್‌ನಲ್ಲಿ ಹುಟ್ಟಿದ ಜೈನುಲ್ ಆಬೆದೀನ್. ಚಿತ್ತಪ್ರಸಾದರಿಗಿಂತ ಕೆಲವೇ ತಿಂಗಳು ಹಿರಿಯ, ಕಲ್ಕತ್ತೆಯ ಸರಕಾರಿ ಕಲಾಶಾಲೆಯಲ್ಲಿ ಕಲಿತು ಅಲ್ಲೇ ಮೇಷ್ಟರಾಗಿದ್ದವರು. ಅಗ್ಗದ ಕಾಗದದ ಮೇಲೆ ಕಪ್ಪು ಮಸಿಯ ಒರಟು ಗೀಟುಗಳಲ್ಲಿ ಅವರು ಬರೆದ ತಾಯಿ, ಮಗು, ಕಾಗೆಗಳ ಚಿತ್ರಗಳು ಇಂದು ಬಾಂಗ್ಲಾದೇಶದ ರಾಷ್ಟ್ರೀಯ ಆಸ್ತಿ. ಒಬ್ಬ ನಗರದ ಬೀದಿಯಲ್ಲಿ, ಇನ್ನೊಬ್ಬ ಹಳ್ಳಿಯ ಹಾದಿಯಲ್ಲಿ. ಒಬ್ಬ ಕಲಾಶಾಲೆಯ ಮೇಷ್ಟರು, ಇನ್ನೊಬ್ಬ ಅದರ ಬಾಗಿಲನ್ನೇ ದಾಟದವ. ಆದರೆ ಹಸಿವಿನ ಮುಂದೆ ಇಬ್ಬರ ಕೈಗೂ ಬಂದದ್ದು ಅದೇ ಮಸಿ, ಅದೇ ಅಗ್ಗದ ಕಾಗದ. ನಾಲ್ಕೇ ವರ್ಷದಲ್ಲಿ ದೇಶ ಒಡೆದು ಇಬ್ಬರೂ ಬೇರೆ ಬೇರೆ ದೇಶದ ಕಲಾವಿದರಾದರು ಎಂಬುದನ್ನು ನೆನೆದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ.

1943ರ ನವೆಂಬರ್‌ನಲ್ಲಿ ಚಿತ್ತಪ್ರಸಾದ್ ಮೇದಿನೀಪುರ ಜಿಲ್ಲೆಯನ್ನು ಸುತ್ತಿದರು. ಕಮ್ಯುನಿಸ್ಟ್ ಪಕ್ಷದ ಪತ್ರಿಕೆಗಾಗಿ ಹೋದ ಪ್ರವಾಸವದು. ಆ ಜಿಲ್ಲೆಯೋ ಕ್ವಿಟ್ ಇಂಡಿಯಾ ಚಳವಳಿಯ ಕೋಟೆ. ಪಕ್ಷವಾದರೋ ಯುದ್ಧವನ್ನು ಬೆಂಬಲಿಸಿ, ಆ ಚಳವಳಿಯಿಂದ ದೂರ ನಿಂತಿತ್ತು. ಈ ವೈರುಧ್ಯವನ್ನು ಚರಿತ್ರೆ ಬರೆಯುವವರು ಮರೆಮಾಚಬಾರದು. ಆದರೆ ಈ ತರುಣ ನೋಡಿದ್ದು ಪಾಳುಬಿದ್ದ ಗುಡಿಸಲು, ಒಲೆ ಆರಿದ ಮನೆ, ಆಸ್ಪತ್ರೆಯ ಮುಂದೆ ಬಿದ್ದ ದೇಹ. ಅದನ್ನು ಬರೆಯುವಾಗ ಯಾರು ಯಾವ ಪಕ್ಷ ಎಂದು ಅವರ ಲೇಖನಿ ಕೇಳಲಿಲ್ಲ.

ಆ ಪ್ರವಾಸದಿಂದ ಹುಟ್ಟಿದ್ದು 'ಹಂಗ್ರಿ ಬೆಂಗಾಲ್' ಎಂಬ ಇಂಗ್ಲಿಷ್ ಕಿರುಪುಸ್ತಕ. ಚಿತ್ರವೂ ಅವರದೇ, ಬರಹವೂ ಅವರದೇ. ಬ್ರಿಟಿಷ್ ಸರಕಾರ ಅದರ 5,000 ಪ್ರತಿಗಳನ್ನು ವಶಪಡಿಸಿಕೊಂಡು ನಾಶಮಾಡಿತು. ಕುಟುಂಬದವರು ಕಾಪಾಡಿಕೊಂಡಿದ್ದ ಒಂದು ಪ್ರತಿ ಉಳಿದದ್ದರಿಂದ 2011ರಲ್ಲಿ ದೆಹಲಿಯ ಕಲಾ ಗ್ಯಾಲರಿಯೊಂದು ಅದನ್ನು ಇದ್ದ ಹಾಗೆಯೇ ಮರುಮುದ್ರಿಸಲು ಸಾಧ್ಯವಾಯಿತು. ಬಂದೂಕು ಹಿಡಿಯದ, ಬಾಂಬು ಎಸೆಯದ ಒಬ್ಬನ ರೇಖಾಚಿತ್ರಗಳಿಗೆ ಒಂದು ಸಾಮ್ರಾಜ್ಯ ಹೆದರಿದ್ದೇಕೆ? ಅಂಕಿಸಂಖ್ಯೆಯನ್ನು ಅಲ್ಲಗಳೆಯಬಹುದು, ತಿದ್ದಬಹುದು. ಹೆಸರು ಮತ್ತು ಊರು ಇರುವ ಮನುಷ್ಯನ ಸಾವನ್ನು ಅಲ್ಲಗಳೆಯುವುದು ಕಷ್ಟ. ನನಗೆ ತೋರುವ ಕಾರಣ ಇದು.

ಪುಸ್ತಕ ಸುಟ್ಟರೂ ಕೆಲಸ ನಿಲ್ಲಲಿಲ್ಲ. ಚಿತ್ತಗಾಂಗ್‌ನವರೇ ಆದ, ತಮಗಿಂತ ಆರು ವರ್ಷ ಕಿರಿಯ ಸೋಮನಾಥ ಹೋರ್ ಅವರನ್ನು ಚಿತ್ತಪ್ರಸಾದ್ ಜೊತೆಗೆ ಕರೆದೊಯ್ದು, ಹಸಿದವರನ್ನು ರೋಗಿಗಳನ್ನು ನೋಡಿ ಬರೆಯಲು ಕಲಿಸಿದರು. ಹೋರ್ ಮುಂದೆ ದೇಶದ ಮುಖ್ಯ ಮುದ್ರಣ ಕಲಾವಿದರಲ್ಲಿ, ಶಿಲ್ಪಿಗಳಲ್ಲಿ ಒಬ್ಬರಾದರು. 1943ರಲ್ಲಿ ಹುಟ್ಟಿದ ಜನನಾಟ್ಯ ಸಂಘಟನೆ ಇಪ್ಟಾಕ್ಕೆ ನಗಾರಿ ಬಾರಿಸುವವನ ಲಾಂಛನ ಬರೆದುಕೊಟ್ಟವರೂ ಚಿತ್ತಪ್ರಸಾದ್. 1946ರಲ್ಲಿ ಮುಂಬಯಿಗೆ ಬಂದು ನೆಲೆಸಿದ ಮೇಲೆ ನೌಕಾಪಡೆಯ ಬಂಡಾಯದ ಬಗ್ಗೆಯೂ ಚಿತ್ರ ಬರೆದರು. 1940ರ ದಶಕದ ಕೊನೆಗೆ ಪಕ್ಷದ ಧೋರಣೆ ಬದಲಾದಾಗ ಅದರಿಂದ ದೂರವಾದರು.

ಪಕ್ಷ ಬಿಟ್ಟ ಅನೇಕರು ಜನರನ್ನೂ ಬಿಟ್ಟರು. ಇವರು ಹಾಗೆ ಮಾಡಲಿಲ್ಲ. ಆ ಹೊತ್ತಿಗೆ ಅವರ ಕೈಗೆ ಚೆನ್ನಾಗಿ ಕೂತಿದ್ದ ಮಾಧ್ಯಮ ಲಿನೋಕಟ್. ನೆಲಕ್ಕೆ ಹಾಸುವ ಲಿನೋಲಿಯಂ ಹಾಳೆಯ ಮೇಲೆ ಚಿತ್ರವನ್ನು ಎಡಬಲ ಅದಲುಬದಲು ಮಾಡಿ ಗುರುತಿಸಿ, ಬಿಳಿಯಾಗಿ ಉಳಿಯಬೇಕಾದ ಭಾಗವನ್ನು ಉಳಿಯಿಂದ ಕೆತ್ತಿ ತೆಗೆಯುತ್ತಾರೆ. ಉಬ್ಬಾಗಿ ಉಳಿದ ಭಾಗಕ್ಕೆ ಮಸಿ ಹಚ್ಚಿ ಕಾಗದ ಒತ್ತುತ್ತಾರೆ. ದೊಡ್ಡ ಮುದ್ರಣಯಂತ್ರ ಬೇಕಿಲ್ಲ, ಚಮಚೆಯ ಬೆನ್ನಿನಿಂದ ಉಜ್ಜಿದರೂ ಚಿತ್ರ ಮೂಡುತ್ತದೆ. ಒಂದೇ ಹಾಳೆಯಿಂದ ಹಲವಾರು ಪ್ರತಿ. ಕ್ಯಾನ್ವಾಸಿನ ಚಿತ್ರ ಒಬ್ಬ ಶ್ರೀಮಂತನ ಗೋಡೆಗೆ ಹೋಗುತ್ತದೆ, ಲಿನೋಕಟ್ ಹಲವರ ಕೈಗೆ ಹೋಗುತ್ತದೆ. 1950ರ ದಶಕದ ಆರಂಭದಲ್ಲಿ ಅವರು ದುಡಿಯುವ ಮಕ್ಕಳ ಬಗ್ಗೆ ಲಿನೋಕಟ್ ಸರಣಿಯೊಂದನ್ನು ಮಾಡಿದರು. ಅದನ್ನು ಯುನಿಸೆಫ್‌ನ ಡೆನ್ಮಾರ್ಕ್ ಸಮಿತಿ 1969ರಲ್ಲಿ ಪುಸ್ತಕವಾಗಿ ತಂದಿತು.

ಆದರೆ ಆ ಮಕ್ಕಳೇ ಈ ಚಿತ್ರಗಳನ್ನು ನೋಡುತ್ತಾರೆಯೇ? ಮುಂಬಯಿಯ ಅಂಧೇರಿಯಲ್ಲಿ ವಾಸವಿದ್ದ ಚಿತ್ತಪ್ರಸಾದ್ ಇದಕ್ಕೆ ಕೊಟ್ಟ ಉತ್ತರ ಗೊಂಬೆಯಾಟ. ಚೆಕ್ ಮಿತ್ರರೊಬ್ಬರಿಂದ ಪ್ರೇರಣೆ ಪಡೆದು, ಸ್ವಂತ ಕೈಯಿಂದ ಗೊಂಬೆಗಳನ್ನು ಮಾಡಿ 'ಖೇಲಾಘರ್' ಎಂಬ ಪುಟ್ಟ ಗೊಂಬೆ ರಂಗಭೂಮಿ ಕಟ್ಟಿದರು. ಸುತ್ತಲಿನ ಬಡ ಮಕ್ಕಳು ಅದರ ಪ್ರೇಕ್ಷಕರು. ಬರದ ಹೆಣಗಳನ್ನು ಬರೆದ ಕೈಯೇ ಮಕ್ಕಳನ್ನು ನಗಿಸಲು ಗೊಂಬೆ ಕುಣಿಸಿತು.

ಒಬ್ಬ ಕಲಾವಿದ ಮಾಧ್ಯಮದಿಂದ ಮಾಧ್ಯಮಕ್ಕೆ ಹೋಗುವುದನ್ನು ಇಂದು ಪ್ರಯೋಗಶೀಲತೆ ಎಂದು ಹೊಗಳುತ್ತೇವೆ. ಚಿತ್ತಪ್ರಸಾದರ ನಡೆಯಲ್ಲಿ ನನಗೆ ಕಾಣುವುದು ಒಂದೇ ಪ್ರಶ್ನೆ: ಇದು ಯಾರಿಗೆ ತಲುಪಬೇಕು? ಓದು ಬಾರದ ರೈತನಿಗೆ ಭಿತ್ತಿಪತ್ರ, ಬರದ ಸುದ್ದಿ ತಿಳಿಯದ ದೂರದ ಊರುಗಳ ಓದುಗರಿಗೆ ಚಿತ್ರಸಹಿತ ವರದಿ, ಹಣವಿಲ್ಲದವರಿಗೆ ಲಿನೋಕಟ್, ಕೇರಿಯ ಮಕ್ಕಳಿಗೆ ಗೊಂಬೆ. ಬದಲಾದದ್ದು ಸಾಧನ, ಬದಲಾಗದೆ ಉಳಿದದ್ದು ಎದುರಿಗಿರುವ ಮನುಷ್ಯ.

ಇದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಕಲಾ ಮಾರುಕಟ್ಟೆ ಅವರನ್ನು ಗುರುತಿಸಲಿಲ್ಲ. ಬಡತನದಲ್ಲೇ ಬದುಕಿ 1978ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡರು. ದೊಡ್ಡ ಪ್ರದರ್ಶನ, ದಪ್ಪ ಗ್ರಂಥಗಳು ಬಂದದ್ದು ಸತ್ತು ಮೂರು ದಶಕ ಕಳೆದ ಮೇಲೆ. ಬದುಕಿದ್ದಾಗ ಒಂದು ಪ್ರತಿಗೆ ಕೆಲವೇ ರೂಪಾಯಿ ಹುಟ್ಟದ ಚಿತ್ರಗಳು ಈಗ ಹರಾಜಿಗೆ ಬರುತ್ತವೆ.

ಬರ, ನೆರೆ, ಗಲಭೆ, ವಲಸೆ ಯಾವುದೇ ಇರಲಿ, ನಮ್ಮ ಪತ್ರಿಕೆಗಳು ಮೊದಲು ಕೊಡುವುದು ಸಂಖ್ಯೆಯನ್ನು. ಸಂಖ್ಯೆ ಬೇಕು, ಅದಿಲ್ಲದೆ ನ್ಯಾಯ ಕೇಳಲಾಗದು. ಆದರೆ ಧಾತು ಈಶ್ವರ ಬರದಲ್ಲಿ ಸತ್ತ ನಮ್ಮವರ ಒಂದು ಹೆಸರಾದರೂ ನಮಗೆ ಗೊತ್ತೇ ಎಂದು ಕೇಳಿಕೊಂಡರೆ, ಆ ತರುಣ ಮೇದಿನೀಪುರದಲ್ಲಿ ಹೆಸರು ಕೇಳುತ್ತ ನಡೆದದ್ದು ಎಷ್ಟು ದೊಡ್ಡ ಕೆಲಸ ಎಂಬುದು ಅರಿವಾಗುತ್ತದೆ.